ಮಡಿ ನೀರಿನ ವಾಸನೆ

ನೀರಿನ ಲೋಟ ಕೈಗೆ ಬಂದರೆ ನಾನು ಮೊದಲು ಮೂಸಿ ನೋಡುತ್ತೇನೆ, ಆಮೇಲೆ ಕುಡಿಯುತ್ತೇನೆ. ಮದುವೆ ಮನೆಯಲ್ಲೂ ಅಷ್ಟೇ, ಆಸ್ಪತ್ರೆಯಲ್ಲೂ ಅಷ್ಟೇ. ನನ್ನ ಗಂಡ ಇದನ್ನು ಬೀಗರ ಮುಂದೆ ವಿವರಿಸಲು ಹೋಗಿ ಸೋತು, ಈಗ "ಅಕಿಗಿ ಹುಟ್ಟಿದಾಗಿಂದ ನೆಗಡಿ ಅದರಿ" ಎಂದು ಮುಗಿಸಿಬಿಡುತ್ತಾನೆ. ಹುಟ್ಟಿದಾಗಿನಿಂದ ಅಲ್ಲ, ಏಳನೇ ಇಯತ್ತೆಯಿಂದ. ಆ ವರ್ಷ ನಮ್ಮ ಹಿತ್ತಲ ಬಾವಿ ನಾರತೊಡಗಿತು. ಅದಕ್ಕೂ ಮೊದಲು ನಾನು ಚಿಂತೆ ಮಾಡುತ್ತಿರಲಿಲ್ಲ ಅಂತಲ್ಲ. ಸೈಕಲ್ಲಿನ ಗಾಳಿ ಹೋದೀತೆಂದು, ಪರೀಕ್ಷೆಯ ದಿನ ಪೆನ್ನು ಮುನಿದೀತೆಂದು ಹೆದರುತ್ತಿದ್ದೆ. ಆದರೆ ಅವು ಬಿಡಿ ಚಿಂತೆಗಳು. ಅವನ್ನೆಲ್ಲ ಒಟ್ಟುಮಾಡಿ ಕಾಯಂ ಕಸುಬನ್ನಾಗಿ ಮಾಡಿಕೊಟ್ಟದ್ದು ಆ ಬಾವಿ.

ನಮ್ಮೂರು ಚಿತ್ತಾಪುರದಿಂದ ದಂಡೋತಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಕಾಗಿಣಾ ಹೊಳೆ ಎರಡು ಮೈಲಿ. ಮನೆ ಎಂದರೆ ನೆಲ, ಗೋಡೆ, ಗೂಡು, ಕಟ್ಟೆ ಎಲ್ಲ ಫರ್ಸಿ, ಅಂದರೆ ಶಹಾಬಾದದ ಚಪ್ಪಡಿಕಲ್ಲೇ. ಬೇಸಿಗೆಯಲ್ಲಿ ಹಂಚಿನ ಹಾಗೆ ಕಾಯುತ್ತಿತ್ತು, ಚಳಿಗಾಲದಲ್ಲಿ ಅಂಗಾಲು ಕಚ್ಚುತ್ತಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ದೇವರ ಖೋಲಿ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಬಾಗಿಲು ದಾಟಿದರೆ ಹಿತ್ತಲು, ಹಿತ್ತಲಲ್ಲಿ ಬಾವಿ. ಎಲ್ಲ ಒಂದೇ ಗೆರೆಯಲ್ಲಿ. ಪಡಸಾಲೆಗೆ ಊರವರೆಲ್ಲ ಬರಬಹುದು. ಅಲ್ಲಿಂದ ಒಳಗೊಳಗೆ ಹೋದಂತೆ ಮಡಿ ಏರುತ್ತ ಏರುತ್ತ ಬಾವಿಯ ಹತ್ತಿರ ಬಂದರೆ ಅದು ಪೂರ್ತಿ ಅಜ್ಜಿಯ ರಾಜ್ಯ. ಶಾಲೆಯಿಂದ ಬಂದು ಲಂಗ ಬದಲಿಸದೆ ನಾನು ಆ ಬಾವಿಯ ಕಟ್ಟೆ ಮುಟ್ಟುವಂತಿರಲಿಲ್ಲ. ಅಜ್ಜಿ ಆಳುತ್ತಿದ್ದಳು, ಅವ್ವ ದುಡಿಯುತ್ತಿದ್ದಳು. ಅಪ್ಪ ನಾಲವಾರದಲ್ಲಿ ಮಾಸ್ತರ. ಶನಿವಾರ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಉಳಿದವನು ಅಪ್ಪನ ತಮ್ಮ, ರಂಗಾ ಕಾಕಾ. ಬಿ.ಎ. ಪಾಸಾಗಿ, ನೌಕರಿಯ ದಾರಿ ಕಾಯುತ್ತ, ಮನೆಯ ದೇವರ ಪೂಜೆ ಮಾಡಿಕೊಂಡಿದ್ದ.

ಕಾಕಾ ಅಂದರೆ ನನಗೆ ಪ್ರಾಣ. ಸೈಕಲ್ಲು ಕಲಿಸಿದವನು ಅವನು. ನನ್ನ ಪರವಾಗಿ ಅಜ್ಜಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದೂ ಅವನಿಗೊಬ್ಬನಿಗೇ. ಆ ವರ್ಷ ಮನೆಯಲ್ಲಿ ದಿನಾ ನಡೆಯುತ್ತಿದ್ದ ಜಗಳ ಒಂದೇ: ಏಳನೇ ಇಯತ್ತೆ ಮುಗಿದ ಮೇಲೆ ನನ್ನನ್ನು ಚಿತ್ತಾಪುರದ ಹೈಸ್ಕೂಲಿಗೆ ಬಸ್ಸಿನಲ್ಲಿ ಕಳಿಸುವುದೋ, ಮನೆಯಲ್ಲಿ ಕೂಡಿಸುವುದೋ. ಅಪ್ಪನಿಗೆ ಕಳಿಸುವ ಮನಸ್ಸು, ತಾಯಿಗೆ ಹೇಳುವ ಧೈರ್ಯವಿಲ್ಲ. ಅಜ್ಜಿ ಅನ್ನ ಕಲಸುತ್ತ ಹೇಳುತ್ತಿದ್ದಳು:

"ಊರ ಮಂದಿ ಜೋಡಿ ಬಸ್ಸಿನ್ಯಾಗ ತಿಕ್ಕಾಡಿ ಬಂದು, ಆಮ್ಯಾಲ ಇಲ್ಲಿ ಮಡಿ ನೀರಿಗಿ ಕೈ ಹಚ್ಚತಾಳೇನು? ಏನ್ ತಿಂತಾಳ, ಯಾರ್ ಬಾಜೂಕ ಕೂಡತಾಳ, ಯಾರಿಗ್ ಗೊತ್ತು?"

"ಗೊತ್ತಾಗಲಿಕ್ಕ ಏನದ ಅವ್ವಾ," ಅನ್ನುತ್ತಿದ್ದ ಕಾಕಾ. "ನಮ್ಮ ಪದ್ದಿ ಹೊರಗ ಒಂದ್ ಗುಟುಕು ನೀರು ಸೈತ ಕುಡಿಯಂಗಿಲ್ಲ. ಹುಡಿಗಿ ಶಾಣ್ಯಾ ಅದಾಳ, ಕಳಸೂಣು."

ಅಜ್ಜಿ ಆ ಜಗಳವನ್ನು ದೇವರಿಗೆ ಬಿಟ್ಟಳು. ಕಾಕಾನಿಗೆ ನೌಕರಿ ಸಿಗಲೆಂದು ಕಾರ್ತಿಕದಲ್ಲಿ ಲಕ್ಷ ತುಳಸಿಯ ಹರಕೆ ಹೊತ್ತಳು. ಹರಕೆ ನಿರ್ವಿಘ್ನವಾಗಿ ಮುಗಿದು ಅವನು ನೌಕರಿಗೆ ಹತ್ತಿದರೆ, ಆಮೇಲೆ ನನ್ನ ಹೈಸ್ಕೂಲಿನ ಮಾತು. ಲಕ್ಷ ಅಂದರೆ ಬಾಯಲ್ಲಿ ಒಂದು ಶಬ್ದ, ಕೈಯಲ್ಲಿ ಒಂದು ಲಕ್ಷ. ನಸುಕಿಗೇ ಎದ್ದು ಅವ್ವ ಒದ್ದೆ ಸೀರೆಯಲ್ಲಿ ನೀರು ಸೇದಿ, ಹಿತ್ತಲ ತುಳಸಿ, ಓಣಿಯ ತುಳಸಿ, ಗುಡಿಯ ತುಳಸಿ ಎಲ್ಲ ಬಿಡಿಸಿ ತರಬೇಕು. ನಾವಿಬ್ಬರೂ ಕೂತು ದಳ ದಳ ಎಣಿಸಿ ನೂರರ ಗುಂಪು ಮಾಡಬೇಕು. ಕಾಕಾ ಒಂದೊಂದು ನಾಮಕ್ಕೆ ಒಂದೊಂದು ದಳ ಏರಿಸಬೇಕು. ಅವ್ವನ ಹೆಬ್ಬೆರಳು ಆ ತಿಂಗಳು ಕಪ್ಪಾದದ್ದು ಯುಗಾದಿಯವರೆಗೂ ಹೋಗಲಿಲ್ಲ. ಇನ್ನು ದೇವರ ಮೇಲಿಂದ ಇಳಿದ ನಿರ್ಮಾಲ್ಯ: ಅದನ್ನು ಯಾರೂ ತುಳಿಯಬಾರದು, ತಿಪ್ಪೆಗೆ ಹಾಕಬಾರದು, ಹರಿಯುವ ನೀರಿಗೇ ಬಿಡಬೇಕು. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿ, ಸೈಕಲ್ಲಿನ ಹಿಂದೆ ಕಟ್ಟಿ, ನಾಲ್ಕು ದಿನಕ್ಕೊಮ್ಮೆ ಕಾಕಾ ಕಾಗಿಣೆಗೆ ಒಯ್ಯುತ್ತಿದ್ದ. ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ಹೊರಟರೆ ಬರುವುದು ಸಂಜೆಗೆ. "ಹೊಳಿ ಭಾಳ ತುಂಬೇದ" ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದ.

ಅದೇ ತಿಂಗಳು ನಾನೂ ಒಂದು ಕೆಲಸ ಮಾಡಿದ್ದೆ. ನನ್ನ ಗೆಳತಿ ಸುಜಾತಾ. ಅವಳಪ್ಪ ಶಹಾಬಾದದ ಫರ್ಸಿ ಪಾಲಿಶಿನ ಕೆಲಸಕ್ಕೆ ಹೋಗುತ್ತಿದ್ದ, ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ಮತ್ತು ಗಣಿತದಲ್ಲಿ ನಾನು ಅವಳ ಹಾಳೆ ನೋಡಿಯೇ ಪಾಸಾಗುತ್ತಿದ್ದೆ. ಚಿತ್ತಾಪುರದ ಬಸ್ಸಿನಲ್ಲಿ ಯಾರು ಕಿಟಕಿಯ ಕಡೆ ಕೂಡಬೇಕು ಎಂದು ನಾವಿಬ್ಬರೂ ಆಗಲೇ ಜಗಳಾಡಿ ತೀರ್ಮಾನಿಸಿದ್ದೆವು. ಒಂದು ದಿನ ಅವಳ ಬುತ್ತಿಯಲ್ಲಿ ಬೇಯಿಸಿದ ಕೋಳಿ ತತ್ತಿ ಇತ್ತು. ನಾನು ಅಷ್ಟು ಹತ್ತಿರದಿಂದ ತತ್ತಿ ನೋಡಿದ್ದು ಅದೇ ಮೊದಲು.

"ನನಗ ಕೊಡ," ಅಂದೆ.

"ತಿಂತಿ? ನಿಮ್ಮಜ್ಜಿ ಕೊಂದ ಹಾಕ್ತಾಳ."

"ತಿನ್ನಂಗಿಲ್ಲ. ಬರೇ ನೋಡ್ತೀನಿ."

"ನೋಡ್ಲಿಕ್ಕ ಏನದ ಅದ್ರಾಗ? ತತ್ತಿ ಅದ ಅದು, ಸಿನಿಮಾ ಅಲ್ಲ."

ನಾನು ಬಿಡಲಿಲ್ಲ. ಬೇಡಿ, ಗೋಗರೆದು, ನನ್ನ ಅವಲಕ್ಕಿಯ ಡಬ್ಬಿ ಪೂರ್ತಿ ಅವಳಿಗೆ ಕೊಟ್ಟು, ತತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ದನದ ಕೊಟ್ಟಿಗೆಯ ಹಿಂದೆ ಒಡೆದು ಒಳಗೇನಿದೆ ನೋಡಬೇಕು ಅಂತ. ಇಷ್ಟೆಲ್ಲ ಯೋಚಿಸಿದವಳು ಅಂದು ಏಕಾದಶಿ ಎಂಬುದನ್ನು ಮರೆತಿದ್ದೆ. ಮನೆಗೆ ಬಂದರೆ ಪಡಸಾಲೆಯ ತುಂಬ ಭಜನೆಯ ಹೆಂಗಸರು. ಹೆದರಿ ಸಂದಿಯಿಂದ ಹಿತ್ತಲಿಗೆ ಓಡಿದೆ. ಅಲ್ಲಿ ಅವ್ವ ಬಟ್ಟೆ ಹಿಂಡುತ್ತಿದ್ದಳು. ಅವಳು ಬೆನ್ನು ತಿರುಗಿಸಿದ ಕ್ಷಣ, ಕಟ್ಟೆ ಮುಟ್ಟದೆ, ದೂರದಿಂದಲೇ ತತ್ತಿಯನ್ನು ಬಾವಿಗೆ ಒಗೆದೆ. ಕಟ್ಟೆ ಮುಟ್ಟಲಿಲ್ಲವಲ್ಲ, ಮಡಿ ಉಳಿಯಿತು ಎಂದು ಸಮಾಧಾನ ಮಾಡಿಕೊಂಡ ನನ್ನ ಬುದ್ಧಿಗೆ ಏನನ್ನಬೇಕು.

ಹರಕೆ ಮುಗಿದು ಹದಿನೈದು ದಿನಕ್ಕೆ ನೀರು ನಾರಿತು. ಮೊದಲು ಬೆಳಗಿನ ಕೊಡದಲ್ಲಿ ಮಾತ್ರ, ಆಮೇಲೆ ಸಾರಿನಲ್ಲಿ, ಅನ್ನದಲ್ಲಿ, ಚಹಾದಲ್ಲಿ, ಸ್ನಾನ ಮಾಡಿ ಬಂದವರ ತಲೆಗೂದಲಲ್ಲಿ. ವಿಚಿತ್ರವೆಂದರೆ ಆ ವಾಸನೆಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಅವ್ವ ಇಲಿ ಸತ್ತಿರಬೇಕು ಅಂದಳು. "ಇಲಿ ವಾಸನಿ ನನಗ ಗೊತ್ತಿಲ್ಲೇನ? ಇದು ಬ್ಯಾರೇನೇ ಅದ" ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು. ಕಾಕಾ ಏನೂ ಅನ್ನಲಿಲ್ಲ. ಅಷ್ಟರಲ್ಲಿ ದೇವರ ಬೆಳ್ಳಿಯ ಪಂಚಪಾತ್ರೆ ಆ ನೀರಿಗೆ ಕಪ್ಪಿಟ್ಟಿತು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಸಂಜೆಗೆ ಮತ್ತೆ ಕಪ್ಪು. ಅಜ್ಜಿ ಅದರ ಮುಂದೆ ಕೂತು ಅತ್ತದ್ದನ್ನು ನಾನು ನೋಡಿದೆ. ಅವಳು ಅಳುವುದನ್ನು ನೋಡಿದ್ದು ಅದೇ ಮೊದಲು, ಮತ್ತು ಅದು ನನ್ನ ತತ್ತಿಯಿಂದ ಎಂದು ನನಗೆ ಸಂಶಯವೇ ಇರಲಿಲ್ಲ.

ಔಷಧಗಳು ಶುರುವಾದವು. ಅಜ್ಜಿಯ ಔಷಧ ತುಳಸಿ: ದಿನಾ ಬೊಗಸೆ ಬೊಗಸೆ ಬಾವಿಗೆ ಹಾಕಿದಳು, ನೀರು ಇನ್ನಷ್ಟು ನಾರಿತು. ಅವ್ವ ಪಟಿಕ ತಿರುಗಿಸಿದಳು. ನೀರು ತಿಳಿಯಾಯಿತು, ತಿಳಿಯಾಗಿ ನಾರಿತು. ಪಂಚಾಯಿತಿಯವರು ಬಿಳಿ ಪುಡಿ ಕೊಟ್ಟರು. ಯಾವ ಕೈಯಿಂದ ಬಂದದ್ದೋ ಎಂದು ಅಜ್ಜಿ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಶಹಾಬಾದದಿಂದ ಸುಣ್ಣದ ಹರಳು ತರಿಸಿ ಹಾಕಿದರೆ ಬಾವಿ ಕೊತಕೊತ ಕುದ್ದು, ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮೊದಲಿನ ಹಾದಿ ಹಿಡಿಯಿತು. ಓಣಿಯ ಮೂಲೆಯಲ್ಲಿ ಸರಕಾರದ ಕೈಪಂಪು ಇತ್ತು, ನೀರು ಸಿಹಿಯಾಗಿತ್ತು. ಅದನ್ನು ತರುತ್ತೇನೆಂದು ಅವ್ವ ಕೊಡ ಎತ್ತಿದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಆ ಪಂಪಿನ ಹೊಟ್ಟ್ಯಾಗ ತೊಗಲಿನ ವಾಶರ್ ಅದ. ತೊಗಲು ತೊಳದ ನೀರು ದೇವರಿಗಿ ಎರಿಲೇನು?"

"ದೇವರಿಗಿ ಬ್ಯಾಡ್ರಿ, ನಮಗ ಕುಡಿಲಿಕ್ಕರೇ..."

"ನೀ ಕುಡಿ. ಕುಡದು ಅಡಿಗಿ ಮನಿ ಹೊರಗ ಇರು."

ಹೀಗಾಗಿ ನಾವು ನಾರುವ ನೀರನ್ನು ಕಾಯಿಸಿ, ಲವಂಗ ಹಾಕಿ, ಮೂಗು ಹಿಡಿದು ಕುಡಿದೆವು. ಕೊನೆಗೆ ಬಾವಿ ತೆಗೆಯುವ ಮಲ್ಲಪ್ಪನನ್ನು ಕರೆಸಲಾಯಿತು. ಅವನು ಕಟ್ಟೆಯಿಂದ ನಾಲ್ಕು ಮಾರು ದೂರ ನಿಂತೇ ಮೂಗು ಏರಿಸಿದ.

"ತಪ್ಪ ತಿಳಕೋಬ್ಯಾಡ್ರಿ ಅಮ್ಮಾ. ಕೊಳತ ತತ್ತಿ ನಾರಿದಂಗ ನಾರ್ಲಿಕತ್ತದ."

"ಅದು ಹ್ಯಾಂಗ ನಾರ್ತದ?" ಅಂದಳು ಅಜ್ಜಿ, ನಿಜಕ್ಕೂ ಗೊತ್ತಿಲ್ಲದೆ.

"ಹಿಂಗೇ ನಾರ್ತದ್ರಿ," ಅಂದ ಮಲ್ಲಪ್ಪ.

ಬರುವ ರವಿವಾರ ಎಂಜಿನ್ ತಂದು ನೀರು ಖಾಲಿ ಮಾಡಿ ತಳ ತೆಗೆಯುತ್ತೇನೆ ಎಂದು ಅವನು ಹೇಳಿ ಹೋದ. ನಡುವೆ ಐದು ದಿನ. ಬಾವಿಯ ತಳದಲ್ಲಿ ನನ್ನ ತತ್ತಿ, ಪಕ್ಕದಲ್ಲಿ ನನ್ನ ಹೆಸರು ಬರೆದಿಟ್ಟ ಹಾಗೆ ಕೂತಿರುತ್ತದೆ ಎಂದೇ ನಂಬಿದ್ದೆ. ಅದು ಸಿಕ್ಕರೆ ಚಿತ್ತಾಪುರದ ಬಸ್ಸು ಹೋಯಿತು. ಮೂರನೆಯ ದಿನ ತಡೆಯಲಾರದೆ, ದೇವರ ಖೋಲಿಯಲ್ಲಿ ಒಬ್ಬನೇ ಗಂಧ ತೇಯುತ್ತಿದ್ದ ಕಾಕಾನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಕೊರಡನ್ನು ಕೆಳಗಿಟ್ಟ.

"ಯಾವಾಗ ಒಗದಿ?"

"ಏಕಾದಶಿ ದಿನ."

"ಹರಕಿ ಮುಗಿಯೂಕಿಂತ ಮದಲೇ? ಯಾರರೇ ನೋಡ್ಯಾರೇನು?"

"ಇಲ್ಲ."

"ನಿಮ್ಮವ್ವ?"

"ಅಕೀನೂ ನೋಡಿಲ್ಲ. ಕಾಕಾ, ಅಜ್ಜಿಗಿ ಹೇಳ್ತಿ?"

"ಹುಚ್ಚಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಫಿಕರ್ ಮಾಡಬ್ಯಾಡ. ಇದು ನನ್ನ ಹೊಟ್ಟ್ಯಾಗ ಇರ್ತದ."

ಅಷ್ಟು ಹೇಳುವಾಗ ಅವನ ಮುಖ ನನ್ನ ಮುಖಕ್ಕಿಂತ ಹಗುರಾಗಿತ್ತು. ನಾನದನ್ನು ಪ್ರೀತಿ ಎಂದುಕೊಂಡೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದೆ.

ರವಿವಾರ ಅಪ್ಪನೂ ಮನೆಯಲ್ಲಿದ್ದ. ಎಂಜಿನ್ನು ಬೆಳಗಿನಿಂದ ಬಡಿದು ನೀರೆಲ್ಲ ಓಣಿಗೆ ಚೆಲ್ಲಿತು. ನಮ್ಮ ಮಡಿಯ ವಾಸನೆ ಊರಿಗೆಲ್ಲ ಗೊತ್ತಾಯಿತು. ಮಲ್ಲಪ್ಪ ಹಗ್ಗ ಹಿಡಿದು ಇಳಿದ. ನಾವೆಲ್ಲ ಕಟ್ಟೆಯ ಸುತ್ತ. ಮೊದಲು ಒಂದು ಸೌಟು ಬಂತು, ಒಂದು ಹಿತ್ತಾಳೆ ತಂಬಿಗೆ ಬಂತು. ಆಮೇಲೆ ಕೆಳಗಿನಿಂದ "ಭಾರ ಅದ, ಎಳೀರಿ" ಎಂದು ಕೂಗು ಬಂತು. ಎಳೆದರೆ ಬಂದದ್ದು ಗೊಬ್ಬರದ ಚೀಲ. ಬಾಯಿ ಕಟ್ಟಿದೆ, ಕಟ್ಟಿದ ಹಗ್ಗಕ್ಕೆ ಫರ್ಸಿಯ ತುಂಡು ಜೋತಾಡುತ್ತಿದೆ. ಬಿಚ್ಚಿದರೆ ಕಪ್ಪು ಕೆಸರಿನಂತೆ ಕೊಳೆತ ಎಲೆ, ನಡುನಡುವೆ ಹೂವಿನ ಸರದ ದಾರ. ಹಾಗೆ ಒಂದರ ಹಿಂದೆ ಒಂದು, ಎಂಟು ಚೀಲ. ಕಾಗಿಣೆಯ ಪಾಲಿನ ತುಳಸಿಯಷ್ಟೂ ಅಲ್ಲಿತ್ತು. ಹೊಳೆಗೆ ಹೋಗುವ ಬದಲು ಕಾಕಾ ಹಿಂದಿನ ಓಣಿಯಿಂದ ಸುತ್ತಿ ಬಂದು, ಎಲ್ಲರೂ ಮಲಗಿದ ಹೊತ್ತಲ್ಲಿ ಬಾವಿಗೆ ಇಳಿಸಿ, ಚಿತ್ತಾಪುರದ ಗೆಳೆಯನ ಮನೆಗೆ ಕಲರ್ ಟೀವಿಯಲ್ಲಿ ಕ್ರಿಕೆಟ್ಟು ನೋಡಲು ಹೋಗುತ್ತಿದ್ದ. ಇದು ನನಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ತಿಳಿದದ್ದು ಒಂದೇ, ಅಜ್ಜಿಯ ಕಣ್ಣು ಚೀಲದಿಂದ ಕಾಕಾನ ಕಡೆ ತಿರುಗಿದ್ದು.

"ರಂಗಾ. ಇದು ಹೊಳಿಗಿ ಹೋಗಿದ್ದಿಲ್ಲೇನು?"

"ಅವಾ?" ಅಂದ ಕಾಕಾ. "ಅವು ನಾನೇ ಹಾಕೀನಿ. ಬಾವೀನೂ ಗಂಗೀನೇ ಅಲ್ಲ? ತುಳಸಿ ಬಿದ್ರ ನೀರು ಶುದ್ಧ ಆಗ್ತದಂತ ನೀನೇ ಹೇಳಿದ್ದಿ."

ಮಲ್ಲಪ್ಪ ಮೈಯ ಕೆಸರು ಒರೆಸಿಕೊಳ್ಳುತ್ತ ಮೇಲೆ ಬಂದಿದ್ದ. "ಔಷಧಿ ಕಲ್ಲು ಕಟ್ಟಿ ಹಾಕ್ತಾರೇನ್ರಿ ಮಾಲಕರೇ?" ಅಂದ.

ಯಾರೂ ನಗಲಿಲ್ಲ. ಲಕ್ಷ ತುಳಸಿ ಹರಿಯುವ ನೀರು ಮುಟ್ಟದೆ ಕುಡಿಯುವ ಬಾವಿಯಲ್ಲಿ ಕೊಳೆತರೆ ಆ ಹರಕೆಗೆ ಏನರ್ಥ? ಕಾಕಾ ಒಮ್ಮೆ ಅಜ್ಜಿಯನ್ನು ನೋಡಿದ, ಒಮ್ಮೆ ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಕ್ಷಮೆ ಕೇಳಿದ ಹಾಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ನಾರಿದ್ದು ತುಳಸೀಲಿಂದ ಅಲ್ಲ," ಅಂದ. "ತುಳಸಿ ಎಂದಾದ್ರೂ ನಾರ್ತದೇನು? ಪದ್ದಿ ಈ ಬಾವ್ಯಾಗ ತತ್ತಿ ಒಗದಾಳ. ಅಕೀನ ಕೇಳ್ರಿ."

ಮಲ್ಲಪ್ಪನೇ ಮೊದಲು ಬಾಯಿ ಬಿಟ್ಟ.

"ತತ್ತಿ ಅಂದ್ರ ಹಾಂಗ ವಾಸನಿ ಅಂದೀನ್ರಿ, ತತ್ತೀನೇ ಬಿದ್ದದ ಅಂದಿಲ್ಲ. ಒಂದ್ ತತ್ತಿಗಿ ಎಲ್ಲೆರ ಬಾವಿ ನಾರ್ತದ? ಕೆಳಗ ಆಮಿ ಅದ, ಅದು ಎಂದೋ ತಿಂದು ತೇಗಿರ್ತದ."

"ನೀ ನಿನ್ನ ಕೆಲಸ ನೋಡಪಾ," ಅಂದಳು ಅಜ್ಜಿ. ನನ್ನ ಕಡೆ ತಿರುಗಿದಳು. "ತಿಂದಿ?"

"ಇಲ್ಲ."

"ಯಾರು ಕೊಟ್ಟರು?"

ಇಲ್ಲಿಯವರೆಗೆ ಓದಿದವರು ನನ್ನ ಮೇಲೆ ಒಂದಿಷ್ಟು ಕನಿಕರ ಪಟ್ಟಿದ್ದರೆ ಈಗ ಅದನ್ನು ವಾಪಸು ಇಟ್ಟುಕೊಳ್ಳಬಹುದು. "ಸುಜಾತಾ," ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಅಕೀನೇ ನನ್ನ ಚೀಲದಾಗ ಹಾಕ್ಯಾಳ. ನನಗ ಗೊತ್ತೇ ಇದ್ದಿಲ್ಲ." ಕಾಕಾ ನನಗೆ ಮಾಡಿದ್ದನ್ನು ನಾನು ಇನ್ನೊಬ್ಬಳಿಗೆ ಮಾಡಲು ತೆಗೆದುಕೊಂಡ ಸಮಯ ಒಂದು ಉಸಿರಿನಷ್ಟು.

"ಕೇಳಿದ್ಯಾ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳು. ಅಪ್ಪ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ. ತಮ್ಮನ ಮುಖ ನೋಡಲಿಲ್ಲ, ಚೀಲಗಳನ್ನೂ ನೋಡಲಿಲ್ಲ. "ಚಿತ್ತಾಪುರದ ಮಾತು ಇಲ್ಲಿಗೇ ಬಿಡೂಣು," ಅಂದ. ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಹಿಡಿದು, ಬಾವಿಯೊಳಗೆ ಇಣುಕಿ ಏನನ್ನೋ ಹುಡುಕುವವಳ ಹಾಗೆ ನಿಂತಿದ್ದಳು.

ಎಂಟು ದಿನದಲ್ಲಿ ಬಾವಿಯಲ್ಲಿ ಸೆಲೆ ತುಂಬಿತು. ನೀರು ಕಲ್ಲುಸಕ್ಕರೆಯ ಹಾಗಿತ್ತು. ನನಗೆ ಪಂಚಗವ್ಯ ಕುಡಿಸಿದರು, ಬಾವಿಗೆ ಶಾಂತಿ ಮಾಡಿಸಿದರು, ಮತ್ತು ಎಂಟು ಚೀಲ ತೆಗೆದ ಮೇಲೆ ವಾಸನೆ ಹೋದದ್ದು ಒಂದು ತತ್ತಿಯ ಪ್ರಾಯಶ್ಚಿತ್ತದಿಂದ ಎಂದು ಮನೆ ಒಪ್ಪಿಕೊಂಡಿತು. ಸುಜಾತಾ ಒಮ್ಮೆ ಮಾತ್ರ ಹಿತ್ತಲ ಗೋಡೆಯ ಹತ್ತಿರ ಬಂದಳು. ಅಜ್ಜಿ ಅವಳ ಮನೆಗೆ ಆಳು ಕಳಿಸಿ ಏನೇನು ಹೇಳಿಸಿದ್ದಳೋ, ಅವಳ ಕಣ್ಣು ಕೆಂಪಾಗಿತ್ತು.

"ನಾ ನಿನ್ನ ಚೀಲದಾಗ ಹಾಕಿದ್ನಾ?" ಅಂದಳು.

ನಾನು ಒಣಹಾಕಿದ ಬಟ್ಟೆ ಎತ್ತುವ ನೆವದಲ್ಲಿ ಒಳಗೆ ಬಂದುಬಿಟ್ಟೆ. ಜೂನಿನಲ್ಲಿ ಅವಳು ಚಿತ್ತಾಪುರದ ಬಸ್ಸು ಹತ್ತಿದಳು. ನಾನು ಮನೆಯಲ್ಲಿ ಕೂತು, ಮೂರು ವರ್ಷ ಅಪ್ಪ ತಂದುಕೊಟ್ಟ ಹಳೆಯ ಪುಸ್ತಕ ಓದಿ, ಹೊರಗಿನಿಂದ ಹತ್ತನೇ ಪರೀಕ್ಷೆಗೆ ಕಟ್ಟಿ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ನೋಡಿ ಬರೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಾಕಾನಿಗೆ ಮರುವರ್ಷವೇ ಸೇಡಂನಲ್ಲಿ ಕಾರಕೂನನ ನೌಕರಿ ಸಿಕ್ಕಿತು. ಹರಕೆ ಫಲಿಸಿತೆಂದು ಅಜ್ಜಿ ಊರಿಗೆಲ್ಲ ಹೇಳಿದಳು. ಪೇಡೆಯ ಡಬ್ಬಿ ಹಿಡಿದು ಅವನು ನನ್ನ ಹತ್ತಿರವೂ ಬಂದ.

"ಸಿಟ್ಟು ಬಿಡ ಪದ್ದಿ. ನೀ ಸಣ್ಣಾಕಿ, ನಿನಗೇನ್ ಆಗ್ತಿತ್ತು? ನಂದು ಜಿಂದಗೀನೇ ಇತ್ತು ಅದ್ರಾಗ."

ಒಗೆಯಬೇಕಿತ್ತು ಡಬ್ಬಿಯನ್ನು. ನಾನು ಪೇಡೆ ತಿಂದೆ. ಎರಡು.

ಬಹಳ ವರ್ಷಗಳ ಮೇಲೆ, ಅಜ್ಜಿಯೂ ಕಾಕಾನೂ ತೀರಿಹೋದ ಮೇಲೆ, ಅವ್ವ ಶಹಾಬಾದದ ನಮ್ಮ ಮನೆಗೆ ನಾಲ್ಕು ದಿನ ಇರಲು ಬಂದಿದ್ದಳು. ಮಧ್ಯಾಹ್ನ ಇಬ್ಬರೂ ಹಸಿ ತೊಗರಿಕಾಯಿ ಬಿಡಿಸುತ್ತ ಕೂತಿದ್ದೆವು. ಅಷ್ಟು ಕಾಲ ಎಲ್ಲರ ಮೇಲೂ ಸಿಟ್ಟು ಇಟ್ಟುಕೊಂಡವಳು ಅವ್ವನನ್ನು ಮಾತ್ರ ಹೊರಗಿಟ್ಟಿದ್ದೆ: ಪಾಪ, ಅವಳಿಗೇನು ಗೊತ್ತು, ಗೊತ್ತಿದ್ದರೆ ಹೇಳದೆ ಇರುತ್ತಿದ್ದಳೇ ಎಂದು. ಅಂದು ಏನೋ ಮಾತಿಗೆ ಮಾತು ಬಂದು ಕೇಳಿಬಿಟ್ಟೆ.

"ಅವ್ವಾ, ಕಾಕಾ ಹೊಳಿಗಿ ಹೋಗ್ತಿದ್ದಿಲ್ಲ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿರಲಾರದೇನು? ಅಡಿಗಿ ಮನಿ ಕಿಟಕಿ ಬಾವಿ ಕಡೀಗೇ ಇತ್ತಲ್ಲ."

"ನೋಡಿದ್ದಿ?"

"ಮೂರು ಸಲ. ನಾಕು ಇರಬೇಕು."

ನನ್ನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. "ಮತ್ತ ಅವತ್ತು ಯಾಕ ಬಾಯಿ ಬಿಡಲಿಲ್ಲ?"

"ಹರಕಿ ಕೆಟ್ಟದ ಅಂದಿದ್ರ ನಿಮ್ಮಜ್ಜಿ ಇನ್ನೊಂದ್ ಲಕ್ಷ ಹಚ್ಚತಿದ್ದಳು. ಯಾರು ಬಿಡಸಬೇಕಿತ್ತು ಹೇಳು?" ಅವ್ವ ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದಳು. ಮೊರದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡಳು. ಆಮೇಲೆ ತಲೆಯೆತ್ತದೆ ಅಂದಳು:

"ಖರೇ ಹೇಳ್ತೀನಿ ಪದ್ದಿ. ಚಿತ್ತಾಪುರ ಬ್ಯಾಡ ಅಂತ ನಿಮ್ಮಪ್ಪ ಅಂದ್ರಲ್ಲ, ಆಗ ನನ್ನ ಜೀವಕ್ಕ ಹಗುರಾತು. ನೀ ಬಸ್ಸು ಹತ್ತಿದ್ರ ಆ ಮನ್ಯಾಗ ನನ್ನ ಸಂಗಾಟ ಮಾತಾಡೋರು ಯಾರಿದ್ರು?"

"ಮತ್ತ ನಾನು? ನಾ ಯಾರ ಸಂಗಾಟ ಮಾತಾಡಬೇಕಿತ್ತು?"

ಅವ್ವ ನನ್ನನ್ನು ಆಶ್ಚರ್ಯದಿಂದ ನೋಡಿದಳು. "ನನ್ನ ಸಂಗಾಟ," ಅಂದಳು, ಇದರಲ್ಲಿ ಕೇಳುವುದೇನಿದೆ ಎಂಬ ಹಾಗೆ. ಮೊರವನ್ನು ನನ್ನ ಕಡೆಗೆ ಸರಿಸಿದಳು.

ನಾನು ಕೈ ಕಟ್ಟಿಕೊಂಡು ಕೂತೆ. ಸಂಜೆಯವರೆಗೆ ಅಷ್ಟೂ ಕಾಯಿ ಅವಳೊಬ್ಬಳೇ ಬಿಡಿಸಿದಳು.